ಎಂಟು ಹಳೇ ಸಿಸ್ಟಮ್, ಎರಡು ಓಎಸ್: ನನ್ನ ಅನುಭವ

"ವಿಂಡೋಸ್ ಒಂದೇ ತಲೆಗೆ ಹತ್ತಲ್ಲ, ಆ ಮಕ್ಕಳಿಗೆ ಲಿನಕ್ಸ್ ಬೇರೆ ಯಾಕೆ ಮೇಡಂ?" ಸಾಗರದಲ್ಲಿ ನಾನು ಡ್ಯುಯಲ್ ಬೂಟ್ ಕ್ಲಾಸ್ (ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್) ಶುರು ಮಾಡುತ್ತೇನೆ ಅಂದಾಗ ಕಂಪ್ಯೂಟರ್ ಕಲಿಸುವ ಕೆಲಸದಲ್ಲಿರುವವರೆಲ್ಲ ಕೇಳಿದ್ದು ಇದನ್ನೇ. ಈಗ ಏಳನೇ ಬ್ಯಾಚ್ ನಡೆಯುತ್ತಿದೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ನನ್ನ ಹತ್ತಿರ ಇದ್ದದ್ದು ಎಂಟು ಹಳೇ ಐ3 ಸಿಸ್ಟಮ್, 4 ಜಿಬಿ ರ‍್ಯಾಮ್. ಹೊಸತಕ್ಕೆ ಕೊಟೇಶನ್ ತರಿಸಿದರೆ ಎರಡೂವರೆ ಲಕ್ಷ ದಾಟಿತು. ಅಷ್ಟು ಸಾಲ ಮಾಡುವ ಮನಸ್ಸಿರಲಿಲ್ಲ. ಒಂದೊಂದಕ್ಕೂ ವೇಗದ ಡಿಸ್ಕ್, ಅಂದರೆ 240 ಜಿಬಿ ಎಸ್‌ಎಸ್‌ಡಿ ಹಾಕಿಸಿ, ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸೇರಿಸಿದೆ. ಎಲ್ಲ ಸೇರಿ ಸುಮಾರು ಹದಿನೇಳು, ಹದಿನೆಂಟು ಸಾವಿರ. ವಿಂಡೋಸ್ 10 ಮೊದಲೇ ಇತ್ತು, ಪಕ್ಕದಲ್ಲಿ ಲಿನಕ್ಸ್‌ನ ಒಂದು ಹಗುರ ರೂಪವಾದ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಕೂರಿಸಿದೆ.

ಮೊದಲ ಏಟು ಗಡಿಯಾರದಿಂದ ಬಿತ್ತು. ಲಿನಕ್ಸ್ ಮುಗಿಸಿ ವಿಂಡೋಸ್‌ಗೆ ಬಂದರೆ ಟೈಮ್ ಹಿಂದೆ ಹೋಗಿರುತ್ತಿತ್ತು. ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಮಾಸ್ ಸೆಲ್ ಹೋಗಿದೆ ಅಂದುಕೊಂಡು ಎಂಟಕ್ಕೂ ಹೊಸ ಸೆಲ್ ಹಾಕಿಸಿದೆ, ಮುನ್ನೂರು ರೂಪಾಯಿ ಹೋಯಿತು. ಮರುದಿನವೂ ಅದೇ ಕಥೆ. ಒಂದು ರಾತ್ರಿ ವ್ಯತ್ಯಾಸ ಲೆಕ್ಕ ಹಾಕಿದೆ: ಸರಿಯಾಗಿ ಐದೂವರೆ ಗಂಟೆ. ಅಂದರೆ ನಮ್ಮ ಐಎಸ್‌ಟಿಗೂ ಜಾಗತಿಕ ಸಮಯವಾದ ಯುಟಿಸಿಗೂ ಇರುವ ಅಂತರ. ವಿಂಡೋಸ್ ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ ಇಡುತ್ತದೆ. ಲಿನಕ್ಸ್‌ಗೆ ಲೋಕಲ್ ಟೈಮ್ ಇಡು ಎಂದು ಒಂದೇ ಸಾಲು ಕೊಟ್ಟೆ, ಮುಗಿಯಿತು.

ಎರಡನೆಯದು ಇನ್ನೂ ಕಾಡಿತು. ವಿಂಡೋಸ್‌ನಲ್ಲಿ ಮಾಡಿದ ಫೈಲ್ ಲಿನಕ್ಸ್‌ನಲ್ಲಿ ತೆರೆಯುತ್ತದೆ, ಸೇವ್ ಆಗುವುದಿಲ್ಲ. ಮಕ್ಕಳ ಮುಂದೆ ಮುಕ್ಕಾಲು ಗಂಟೆ ಒದ್ದಾಡಿದ್ದೇನೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಅದಕ್ಕೇ ಲಿನಕ್ಸ್ ವಿಂಡೋಸ್ ಇರುವ ಪಾರ್ಟಿಶನ್ನನ್ನು (ಡಿಸ್ಕಿನ ಆ ಭಾಗವನ್ನು) ಓದಲು ಮಾತ್ರ ಬಿಡುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಆ ಟಿಕ್ ತೆಗೆಯದೆ ಡ್ಯುಯಲ್ ಬೂಟ್ ಮಾಡಬೇಡಿ.

ಪಾಠದ ವಿಷಯಕ್ಕೆ ಬರುತ್ತೇನೆ. ಮೊದಲ ಬ್ಯಾಚಿಗೆ ಒಂದು ತಿಂಗಳು ವಿಂಡೋಸ್, ಆಮೇಲೆ ಲಿನಕ್ಸ್ ಇಟ್ಟೆ. ಹದಿನಾಲ್ಕರಲ್ಲಿ ಆರು ಜನ ಬಿಟ್ಟರು. ಉಳಿದವರದು ಒಂದೇ ಪ್ರಶ್ನೆ: "ಸಿ ಡ್ರೈವ್ ಎಲ್ಲಿ ಮೇಡಂ?" ತಿಂಗಳಿಡೀ ಮೆನುವಿನ ಜಾಗ ಬಾಯಿಪಾಠ ಮಾಡಿಸಿದ್ದು ನಾನೇ, ಮತ್ತೇನು ಕೇಳಿಯಾರು? ಎರಡನೇ ಬ್ಯಾಚಿನಿಂದ ಚೀಟಿ ಪದ್ಧತಿ ತಂದೆ. ಚೀಟಿಯಲ್ಲಿ ಕೆಲಸ ಮಾತ್ರ ಇರುತ್ತದೆ: ರಜಾ ಅರ್ಜಿ ಬರೆ, ಪೆನ್‌ಡ್ರೈವಿಗೆ ಹಾಕು, ಹೆಸರು ಬದಲಿಸು, ಪಿಡಿಎಫ್ ಮಾಡು. ಎಲ್ಲಿ ಕ್ಲಿಕ್ ಮಾಡಬೇಕು ಅಂತ ಇರುವುದಿಲ್ಲ. ಅದೇ ಚೀಟಿ, ಅದೇ ದಿನ, ಎರಡೂ ಓಎಸ್‌ನಲ್ಲಿ. ಮೂರನೇ ವಾರಕ್ಕೆ ಹುಡುಕುವ ಅಭ್ಯಾಸ ತಾನಾಗಿ ಬಂತು. ಆ ಬ್ಯಾಚಿನಲ್ಲಿ ಬಿಟ್ಟವಳು ಒಬ್ಬಳೇ, ಅದೂ ಮದುವೆಯಾಗಿ ಊರು ಬಿಟ್ಟಳು. ಚೀಟಿಗಳ ಕ್ರಮ ಮಾತ್ರ ಕೇಳಬೇಡಿ, ಅದಕ್ಕೆ ಎರಡು ವರ್ಷ ಹಿಡಿದಿದೆ.

ಕನ್ನಡ ಟೈಪಿಂಗ್‌ಗೆ ಹೆದರಿದ್ದೆ. ಆದರೆ ನುಡಿ ತಂತ್ರಾಂಶದಲ್ಲಿ ಕಲಿಯುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಟೈಪಿಂಗ್ ತಂತ್ರಾಂಶವಾದ ಐಬಸ್‌ನಲ್ಲಿ ಕೆಜಿಪಿ ಹೆಸರಲ್ಲಿ ಸಿಗುತ್ತದೆ, ಬೆರಳು ಬದಲಾಗಬೇಕಿಲ್ಲ. ಹಳೇ ಆಸ್ಕಿ ಕಡತಗಳು (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡ ರೂಪ ಕೂರಿಸಿದವು) ಕೊಂಬು ಮೂಡಿದ ಇಂಗ್ಲಿಷ್ ಅಕ್ಷರವಾಗಿ ತೆರೆದುಕೊಂಡವು. ನುಡಿ ಫಾಂಟ್ ಹಾಕಿದರೆ ಓದಬಹುದು, ಆದರೆ ಕನ್ನಡ ಪದ ಹುಡುಕಿದರೆ ಸಿಗದು. ಎಲ್ಲವನ್ನೂ ಯುನಿಕೋಡ್‌ಗೆ ತಿರುಗಿಸಿದೆ.

ಇನ್ನೊಂದು ಪ್ರಯೋಗ. ಇಂಗ್ಲಿಷಿನಲ್ಲಿ ಹೆಸರಿಟ್ಟರೆ ದೊಡ್ಡಕ್ಷರದ 'ಬಿಲ್', ಚಿಕ್ಕಕ್ಷರದ 'ಬಿಲ್' ಲಿನಕ್ಸ್‌ಗೆ ಎರಡು ಫೈಲ್, ವಿಂಡೋಸ್‌ಗೆ ಒಂದೇ. ಕಾಪಿ ಮಾಡುವಾಗ ಒಬ್ಬ ಹುಡುಗ ಒಂದನ್ನು ಕಳೆದುಕೊಂಡ. ಕನ್ನಡದಲ್ಲಿ ಈ ರಗಳೆ ಇಲ್ಲವಲ್ಲ! ಅಂದಿನಿಂದ ಹೆಸರೆಲ್ಲ ಕನ್ನಡದಲ್ಲೇ. ಅಣ್ಣನ ಮಗನ ಮ್ಯಾಕ್‌ಬುಕ್‌ನಲ್ಲೂ ನೋಡಿದೆ, ಹೆಸರುಗಳು ಸರಿಯಾಗಿ ಕಂಡವು. ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಮ್ಯಾಕ್ ಬರೆಯಲಿಲ್ಲ. ಎಕ್ಸ್‌ಫ್ಯಾಟ್ ಮಾಡಿದ ಮೇಲೆ ಮೂರೂ ಕಡೆ ಓಡಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ, ಅಂದರೆ ಮಾಮೂಲಿ ಸುರಕ್ಷತಾ ಅಪ್‌ಡೇಟ್, ನಿಂತಿತು. ನಮ್ಮ ಸಿಸ್ಟಮ್‌ಗಳಿಗೆ 11 ಹತ್ತುವುದಿಲ್ಲ. ಈಗ ವಿಂಡೋಸ್ ಪಾಠ ನೆಟ್ ಇಲ್ಲದೆ, ನೆಟ್ ಕೆಲಸವೆಲ್ಲ ಲಿನಕ್ಸ್‌ನಲ್ಲಿ. ಆ ತಿಂಗಳೇ ಲಿನಕ್ಸ್ ಕೇಳಿ ಫೋನ್‌ಗಳು ಶುರುವಾದವು. ಮೊದಲು ಆ ಪ್ರಶ್ನೆ ಕೇಳಿದ್ದವರೊಬ್ಬರು ಆರು ಸಿಸ್ಟಮ್ ತಂದಿಟ್ಟಿದ್ದಾರೆ. ನಾಲ್ಕು ಮುಗಿದಿವೆ, ಎರಡಕ್ಕೆ ಎಸ್‌ಎಸ್‌ಡಿ ಶಿವಮೊಗ್ಗದಿಂದ ಬರಬೇಕು.