ಒಂದು ಮುರಕಲ್ಲಿಗಾಗಿ ಪಿಕಪ್ ಎತ್ತಿದ್ದು

ಹೆಬ್ರಿಯಿಂದ ಒಳಗೆ ನಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಇದೆ. ಮಳೆಗೆ ಮಣ್ಣು ಕೊಚ್ಚಿಹೋಗಿ ಎರಡೂ ಬದಿಯ ಚಕ್ರದ ಜಾಡು ಆಳವಾಗುತ್ತದೆ, ಇದು ಮಾತ್ರ ನಡುವೆ ತಲೆ ಎತ್ತಿ ಕೂತಿರುತ್ತದೆ. ಹೋದ ಆಟಿ ತಿಂಗಳ ಮಳೆಯಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಹೋಗುವಾಗ ಪಿಕಪ್ಪಿನ ಹಿಂದಿನ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರಿನ ಗುಂಡು) ಅದಕ್ಕೆ ಬಡಿದು ಖಣ್ ಅಂತು. ಇಳಿದು, ಬಗ್ಗಿ ನೋಡಿದೆ. ಡಿಫ್‌ನ ಹೊಟ್ಟೆಯ ಮೇಲೆ ಉದ್ದಕ್ಕೆ ಕೆಂಪು ಗೀರು. ಆಯಿಲ್ ಸೋರುತ್ತಿರಲಿಲ್ಲ, ಪುಣ್ಯ.

"ಆ ಕಲ್ಲು ಒಡೆಸಿದ್ರೆ ಆಯ್ತಲ್ಲ ಮಾರಾಯ, ಗಾಡಿ ಎತ್ತುದು ಎಂತಕ್ಕೆ?" ಅಂದರು ಭಾವ. ಒಂದು ದಿನದ ಕೂಲಿಯಲ್ಲಿ ಮುಗಿಯುವ ಕೆಲಸ, ಅವರು ಹೇಳಿದ್ದು ಸರಿಯೇ. ಆದರೆ ದೊಡ್ಡ ಟೈರ್ ಹಾಕಬೇಕೆಂಬ ಆಸೆ ನನಗೆ ಮೊದಲೇ ಇತ್ತು. ಕಲ್ಲು ಬರೀ ನೆಪ.

ಮೊದಲು ನನ್ನ ತಲೆಯಲ್ಲಿದ್ದ ಲೆಕ್ಕವೇ ತಪ್ಪು. ಎರಡು ಇಂಚಿನ ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಸ್ಪ್ರಿಂಗ್, ಶಾಕ್‌ಗಳ ಸೆಟ್) ಹಾಕಿದರೆ ಗಾಡಿಯ ಅಡಿ ಎರಡು ಇಂಚು ಮೇಲೆ ಬರುತ್ತದೆ ಅಂದುಕೊಂಡಿದ್ದೆ. ಬಾಡಿ, ಚಾಸಿ ಮೇಲೆ ಬರುತ್ತವೆ, ನಿಜ. ಆದರೆ ನನ್ನ ಗಾಡಿಯ ಹಿಂದಿನ ಡಿಫ್ ಇರುವುದು ಆಕ್ಸಲ್‌ನಲ್ಲೇ. ಆಕ್ಸಲ್, ಅಂದರೆ ಅಚ್ಚು, ಕೂತಿರುವುದು ಚಕ್ರದ ಮೇಲೆ. ಸ್ಪ್ರಿಂಗ್ ಎಷ್ಟು ಎತ್ತರ ಮಾಡಿದರೂ ಆ ಗುಂಡು ಒಂದು ಕೂದಲೆಳೆಯಷ್ಟೂ ಏಳುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ. ಲಿಫ್ಟ್ ಮಾಡುವುದು ಆ ದೊಡ್ಡ ಟೈರಿಗೆ ಫೆಂಡರ್ ಒಳಗೆ ಜಾಗ ಕೊಡಲು.

ನನ್ನಲ್ಲಿ ಇದ್ದದ್ದು 245/70 ಆರ್ 16 ಅಳತೆಯ ಟೈರ್. ಅದರ ವ್ಯಾಸ ಸುಮಾರು 749 ಮಿ.ಮೀ. ಹಾಕಿದ್ದು 265/75 ಆರ್ 16, ಸುಮಾರು 804 ಮಿ.ಮೀ. ವ್ಯತ್ಯಾಸದ ಅರ್ಧ ಮಾತ್ರ ಕೆಳಗೆ ಸಿಗುವುದು, ಅಂದರೆ 27 ಮಿ.ಮೀ. ಇಷ್ಟೆಲ್ಲ ಖರ್ಚು ಮಾಡಿ ಡಿಫ್‌ಗೆ ಸಿಕ್ಕಿದ್ದು ಒಂದು ಇಂಚು ಚಿಲ್ಲರೆ!

ಕೆಲಸ ಮಾಡಿದ್ದು ಮನೆಯ ಅಂಗಳದಲ್ಲಿ, ಅಡಿಕೆ ಒಣಗಿ ಅಂಗಳ ಖಾಲಿಯಾದ ಮೇಲೆ. ಜೊತೆಗೆ ಕಾರ್ಕಳ ಕಡೆಯ ಪರಿಚಯದ ಒಬ್ಬ ಮೆಕ್ಯಾನಿಕ್. ಮುಂದಿನ ಕಾಯಿಲ್ ಸ್ಪ್ರಿಂಗ್ ಅದುಮಿ ಹೊಸ ಶಾಕ್‌ಗೆ ಕೂರಿಸುವ ಕೆಲಸ ಮಾತ್ರ ಅವರ ಗ್ಯಾರೇಜಿನ ಪ್ರೆಸ್‌ನಲ್ಲೇ ಆಯಿತು. ಬಾಡಿಗೆಗೆ ಸಿಗುವ ಸ್ಪ್ರಿಂಗ್ ಕಂಪ್ರೆಸರ್ ಇಟ್ಟುಕೊಂಡು ಅದನ್ನು ಮನೆಯಲ್ಲಿ ಮಾಡಬೇಡಿ. ಅದುಮಿದ ಸ್ಪ್ರಿಂಗ್ ಜಾರಿದರೆ ಬೆರಳಲ್ಲ, ದವಡೆಯೇ ಹೋಗುತ್ತದೆ.

ಮುಂದಿನ ಚಕ್ರಗಳ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಹಿಂದಿನ ಚಕ್ರಗಳದೇ ದೊಡ್ಡ ಕತೆ.

ಈ ಗಾಡಿಯ ಮೊದಲ ಮಾಲೀಕರು ಮಲ್ಪೆಯವರು. ಹಿಂದಿನ ತೊಟ್ಟಿಯಲ್ಲಿ ಬಲೆ, ಮಂಜುಗಡ್ಡೆ, ಮೀನಿನ ಕ್ರೇಟು ಹೇರುತ್ತಿದ್ದರು. ಆ ಉಪ್ಪುನೀರು ವರ್ಷಗಟ್ಟಲೆ ಸೋರಿ ಸೋರಿ ಬಿದ್ದದ್ದು ಹಿಂದಿನ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ) ಮೇಲೆ. ಲೀಫನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿನ ನಟ್ಟು ಯಾವುದು, ತುಕ್ಕು ಯಾವುದು ಗೊತ್ತಾಗುತ್ತಿರಲಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ. ಬೆಳಿಗ್ಗೆ ಸ್ಪ್ಯಾನರಿಗೆ ಮೂರಡಿ ಪೈಪ್ ಸಿಕ್ಕಿಸಿ ಎಳೆದರೆ ಗಾಡಿಯೇ ಸ್ಟ್ಯಾಂಡ್ ಮೇಲೆ ಅಲುಗಿತು. ಮೆಕ್ಯಾನಿಕ್ ಕೂಡಲೇ ನಿಲ್ಲಿಸಿದರು. "ಇದು ಬಿಡುದಿಲ್ಲ ಅಣ್ಣ, ಹಲಸಿನ ಮೇಣದ ಹಾಗೆ ಹಿಡಿದುಕೊಂಡಿದೆ." ಕೊನೆಗೆ ಗ್ರೈಂಡರ್‌ನಲ್ಲಿ ನಾಲ್ಕನ್ನೂ ಕತ್ತರಿಸಿದೆವು. ನಷ್ಟವೇನಿಲ್ಲ. ಯು ಬೋಲ್ಟ್ ಒಮ್ಮೆ ಬಿಗಿದರೆ ಎಳೆದುಕೊಂಡಿರುತ್ತದೆ, ಹಳೆಯದನ್ನು ಮತ್ತೆ ಹಾಕಲೇಬಾರದು.

ಲೀಫ್ ಮತ್ತು ಆಕ್ಸಲ್ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಎತ್ತುವುದು ಅಗ್ಗ. ನಾನು ಬೇಡ ಅಂದೆ. ಭಾರ ಹೇರಿ ಏರು ಹತ್ತುವಾಗ ಆಕ್ಸಲ್ ತಿರುಚಿಕೊಳ್ಳಲು ಬ್ಲಾಕ್ ಇನ್ನಷ್ಟು ಸನ್ನೆಕೋಲಿನ ಬಲ ಕೊಡುತ್ತದೆ. ಲೀಫ್ ಸ್ಪ್ರಿಂಗಿನ ಪೂರ್ತಿ ಹೊಸ ಸೆಟ್ಟೇ ಹಾಕಿಸಿದೆ. ಇನ್ನೊಂದು ವಿಷಯ: ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಗಾಡಿ ಜಾಕ್ ಮೇಲಿರುವಾಗ ಕೊನೆಯ ಬಿಗಿ ಮಾಡಬಾರದು. ಸುಮ್ನೆ ಕೈಬಿಗಿ ಮಾಡಿ, ಗಾಡಿ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ಟಾರ್ಕ್ ರೆಂಚ್ ಹಿಡಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇಷ್ಟಾದ ಮೇಲೆ ನಾನು ಕೈ ತೊಳೆಯಲು ಹೊರಟೆ. ಮೆಕ್ಯಾನಿಕ್ ಇನ್ನೂ ಅಡಿಯಲ್ಲೇ ಮಲಗಿದ್ದರು. ಟಾರ್ಚ್ ಹಿಡಿದು ಒಂದು ಸಣ್ಣ ಸರಳು ತೋರಿಸಿದರು. ಚಾಸಿಯಲ್ಲಿರುವ ಬ್ರೇಕ್ ವಾಲ್ವಿನಿಂದ ಆಕ್ಸಲ್‌ಗೆ ಬಂದದ್ದು. ಹಿಂದೆ ಭಾರ ಹೇರಿದಾಗ ಬಾಡಿ ತಗ್ಗುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಈಗ ನಾವು ಬಾಡಿಯನ್ನೇ ಎತ್ತಿದ್ದೇವೆ. ಹತ್ತು ಮೂಟೆ ಹೇರಿದರೂ ವಾಲ್ವಿಗೆ ಗಾಡಿ ಖಾಲಿ ಅಂತಲೇ ಲೆಕ್ಕ, ಹಿಂದಿನ ಬ್ರೇಕ್ ಕಮ್ಮಿ. ಎರಡು ಇಂಚಿನ ಪಟ್ಟಿ ಮಾಡಿಸಿ ಸರಳಿನ ಬುಡವನ್ನು ಅಷ್ಟೇ ಎತ್ತರಿಸಿದೆವು. ಬ್ರೇಕ್ ಹೋಸನ್ನೂ ಚಕ್ರ ಪೂರ್ತಿ ಜೋತುಬಿದ್ದಾಗ ಎಳೆಯುತ್ತದಾ ಅಂತ ನೋಡಿದೆವು. ನನಗೆ ಇವೆರಡೂ ಹೊಳೆಯುತ್ತಲೇ ಇರಲಿಲ್ಲ.

ಅಲೈನ್‌ಮೆಂಟ್‌ಗೆ ಎರಡು ಸಲ ದುಡ್ಡು ಕೊಟ್ಟೆ. ಮೊದಲ ಅಂಗಡಿಯವರು ಟೋ (ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಮಾತ್ರ ಸರಿಮಾಡಿ ಕಳಿಸಿದರು. ಸಂತೆಕಟ್ಟೆ ದಾಟಿ ಹೆದ್ದಾರಿಗೆ ಬಂದರೆ ಗಾಡಿ ಅಮಲೇರಿದವರ ಹಾಗೆ ಅತ್ತಿತ್ತ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರ ಬರುವುದೇ ಇಲ್ಲ. ಮುಂದೆ ಎತ್ತಿದಾಗ ಕ್ಯಾಸ್ಟರ್ ಕೋನ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಅಳತೆ) ಕಡಿಮೆಯಾಗುತ್ತದೆ, ಅದರ ಫಲ ಇದು. ಎರಡನೆಯವರು ಕ್ಯಾಸ್ಟರ್, ಕ್ಯಾಂಬರ್ (ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆ) ಎರಡನ್ನೂ ಕೂರಿಸಿ ಪ್ರಿಂಟ್ ಕೊಟ್ಟರು. ನೀವು ಹೋದರೆ ಆ ಪ್ರಿಂಟ್ ಕೇಳಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಆ ಫುಲ್ ಲಾಕ್‌ನಲ್ಲಿ ಮಡ್‌ಫ್ಲ್ಯಾಪಿಗೆ ಉಜ್ಜುತ್ತಿತ್ತು. ಹೀಟ್ ಗನ್‌ನಲ್ಲಿ ಪ್ಲಾಸ್ಟಿಕ್ ಬಿಸಿಮಾಡಿ ಒಳಗೆ ಒತ್ತಿದೆ, ನಿಂತಿತು. ಹೆಡ್‌ಲೈಟ್ ತಗ್ಗಿಸಿದೆ. 500 ಕಿ.ಮೀ. ಆದ ಮೇಲೆ ಎಲ್ಲ ನಟ್ಟು ಮತ್ತೆ ನೋಡಿದರೆ ಒಂದು ಯು ಬೋಲ್ಟ್ ಕಾಲು ಸುತ್ತು ಬಿಗಿ ತೆಗೆದುಕೊಂಡಿತು.

ಮೈಲೇಜ್ 12.5 ಇದ್ದದ್ದು 11ಕ್ಕೆ ಬಿತ್ತು ಅಂತ ಹೊಟ್ಟೆ ಉರಿಯಿತು. ಆಮೇಲೆ ಹೊಳೆಯಿತು, ದೊಡ್ಡ ಚಕ್ರಕ್ಕೆ ಮೀಟರ್ ಶೇ. 7ರಷ್ಟು ಕಮ್ಮಿ ತೋರಿಸುತ್ತದೆ. ಲೆಕ್ಕ ಸರಿಮಾಡಿದರೆ 11.8. ವೇಗಕ್ಕೂ ಇದೇ ಲೆಕ್ಕ. ಮೊದಲು ಮೀಟರ್ 80 ಅಂದರೆ ಜಿಪಿಎಸ್ 77 ಅನ್ನುತ್ತಿತ್ತು, ಈಗ 82 ಅನ್ನುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಗಾಡಿ ಮೊದಲಿಗಿಂತ ಜಾಸ್ತಿ ವಾಲುತ್ತದೆ, ಎರಡನೇ ಗೇರಿನಲ್ಲಿ ಸ್ವಲ್ಪ ಉಸಿರು ಕಟ್ಟುತ್ತದೆ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಕೈ ಹಾಕುವ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸಿನವರಲ್ಲೂ ಕೇಳಿ. ನಾನು ಕೇಳಿದ್ದು ಆಮೇಲೆ, ಅದು ನನ್ನ ತಪ್ಪು. ಹಳೆಯ ಸ್ಪ್ರಿಂಗ್, ಶಾಕ್ ಎಲ್ಲ ಅಟ್ಟದಲ್ಲಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ಸ್ಟೆಪ್ನಿ ಹಳೆಯ ಜಾಗಕ್ಕೆ ಹಿಡಿಸುತ್ತಿಲ್ಲ. ಹಿಂದೆ ತೊಟ್ಟಿಯಲ್ಲೇ ಕಟ್ಟಿದ್ದೇನೆ, ಎರಡು ಮೂಟೆಯ ಜಾಗ ಹೋಯಿತು. ಅಮ್ಮನಿಗೆ ಹತ್ತಲು ಆಗುವುದಿಲ್ಲ ಅಂತ ಅಡುಗೆಮನೆಯ ಮಣೆ ಒಂದು ಸೀಟಿನಡಿ ಸೇರಿದೆ. ಮುರಕಲ್ಲಿನ ಮೇಲೆ ಡಿಫ್ ಈಗ ತಾಗದೆ ದಾಟುತ್ತದೆ. ಎರಡರ ನಡುವೆ ನನ್ನ ಹೆಬ್ಬೆರಳು ತೂರುತ್ತದೆ. ಭಾವನನ್ನು ಕರೆದು ಬಗ್ಗಿಸಿ ತೋರಿಸಿದೆ. ಅವರು ಬೆರಳನ್ನೂ ನೋಡಿದರು, ಕಲ್ಲನ್ನೂ ನೋಡಿದರು, ಎಂತ ಹೇಳಲಿಲ್ಲ.