ಅಡಾಪ್ಟರ್ ತೆಗೆದಿಟ್ಟೆ, ರಾಕ್‌ಸ್ಟೆಡಿ ಶ್ರುತಿಗೆ ಬಂತು: ನನ್ನ ಅನುಭವ

ಹೋದ ತಿಂಗಳ ಶನಿವಾರ ಸಂಜೆ ನಾವು ಬಾಡಿಗೆಗೆ ಹಿಡಿಯುವ ಹಾಲ್‌ನಲ್ಲಿ ಹಳೆಯ ರೆಕಾರ್ಡ್ ಕೇಳಲು ಮೂವತ್ತೆಂಟೋ ನಲವತ್ತೋ ಜನ ಸೇರಿದ್ದರು. ಟ್ರೆಶರ್ ಐಲ್ ಅನ್ನುವ ಜಮೈಕಾದ ಕಂಪನಿಯ ಹಳೆಯ ಏಳಿಂಚಿನ ರೆಕಾರ್ಡ್ ಒಂದನ್ನು ಹಾಕಿದೆ. ರಾಕ್‌ಸ್ಟೆಡಿ, ಅಂದರೆ ಅರವತ್ತರ ದಶಕದ ಜಮೈಕಾದ ನಿಧಾನ ಲಯದ ಸಂಗೀತ. ನಾಲ್ಕು ವರ್ಷದ ಹಿಂದೆ ಇದೇ ರೆಕಾರ್ಡ್ ಕೇಳಿ "ಇದು ಉಳಿಯಲ್ಲ, ಬಿಟ್ಟುಬಿಡು" ಅಂದಿದ್ದ ಗೆಳೆಯ ಮುಂದಿನ ಸಾಲಿನಲ್ಲೇ ಕೂತಿದ್ದ. ಹಾಡು ಮುಗಿದ ಮೇಲೆ ಎದ್ದು ಬಂದ. ಟರ್ನ್‌ಟೇಬಲ್ ಮೇಲೆ ಬಗ್ಗಿ ನೋಡಿ, "ಹೊಸ ಪ್ರತಿ ಕೊಂಡ್ಯಾ?" ಅಂತ ಕೇಳಿದ. ಹೊಸದಲ್ಲ, ಅದೇ ರೆಕಾರ್ಡ್. ರೆಕಾರ್ಡ್‌ನ ತೂತು ತುಂಬುವ ಅಡಾಪ್ಟರ್ ತೆಗೆದಿಟ್ಟು, ರೆಕಾರ್ಡನ್ನು ಕೈಯಲ್ಲೇ ನಡುವಿಗೆ ತರುವ ನನ್ನ ವಿಧಾನ ನಡೆಯಲ್ಲ ಅಂದವರಲ್ಲಿ ಇವನೊಬ್ಬನೇ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ಒಮ್ಮೆ ಬರೆದಿಡುತ್ತಿದ್ದೇನೆ.

ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಹ್ಯಾಂಡ್ಸ್‌ವರ್ತ್‌ಗೆ ಹತ್ತಿರ. ಸ್ಟೀಲ್ ಪಲ್ಸ್ ಅನ್ನುವ ರೆಗೆ ಸಂಗೀತದ ತಂಡ ಹುಟ್ಟಿದ ಜಾಗ ಅದು. ಪಕ್ಕದ ರಸ್ತೆಯಲ್ಲಿ ಜಮೈಕಾದ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಅಂಕಲ್ ಅಂತಲೇ ಕರೆಯುತ್ತೇನೆ. ಜಮೈಕಾಗೆ ಸ್ವಾತಂತ್ರ್ಯ ಬಂದ 1962ರಲ್ಲೇ ಅವರು ಇಲ್ಲಿಗೆ ಬಂದರಂತೆ. ಆಗ ಇಲ್ಲಿನ ಎಷ್ಟೋ ಕ್ಲಬ್ಬು, ಪಬ್ಬುಗಳಲ್ಲಿ ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಮನೆಗಳ ನೆಲಮಾಳಿಗೆಯಲ್ಲಿ, ಮುಂದಿನ ಕೋಣೆಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ರಾತ್ರಿಯಿಡೀ ಕುಣಿಯುತ್ತಿದ್ದರು. ಅದಕ್ಕೆ 'ಬ್ಲೂಸ್' ಅಂತ ಹೆಸರು. ಅಂಕಲ್ ಅಂಥ ಪಾರ್ಟಿಗಳಲ್ಲಿ ಸೆಲೆಕ್ಟರ್, ಅಂದರೆ ರೆಕಾರ್ಡ್ ಆರಿಸಿ ಹಾಕುವವರು, ಆಗಿದ್ದವರು. ಅವರ ಎರಡು ಮರದ ಪೆಟ್ಟಿಗೆಗಳು 2019ರಲ್ಲಿ ನನ್ನ ಕೈಗೆ ಬಂದವು. ಒಟ್ಟು ಮುನ್ನೂರ ನಲವತ್ತರ ಹತ್ತಿರ ರೆಕಾರ್ಡ್‌ಗಳು. ಮುಕ್ಕಾಲು ಪಾಲು ಜಮೈಕಾದಲ್ಲೇ ಒತ್ತಿದವು. "ನನ್ನ ಕೈ ನಡುಗುತ್ತೆ, ನೀನು ಹಾಕು, ನಾನು ಕೇಳ್ತೀನಿ" ಅಂದರು.

ಜಮೈಕಾದ ರೆಕಾರ್ಡ್ ಕೈಯಲ್ಲಿ ಹಿಡಿದವರಿಗೆ ಕಷ್ಟ ಏನು ಅಂತ ಗೊತ್ತೇ ಇದೆ. ಹಳೆಯ ಪ್ಲಾಸ್ಟಿಕ್ ಕರಗಿಸಿ ಮತ್ತೆ ಒತ್ತಿದ ಮಾಲು ಅದರಲ್ಲಿ ಎಷ್ಟೋ ಇರುತ್ತದೆ. ಲೇಬಲ್ ಓರೆ, ಕೆಲವಕ್ಕೆ ಲೇಬಲ್ಲೇ ಖಾಲಿ. ಜೊತೆಗೆ ಐವತ್ತು ವರ್ಷ ಭಾರದ ಮುಳ್ಳಿನ ಕೆಳಗೆ ಸವೆದದ್ದು, ಬಿಯರ್ ಚೆಲ್ಲಿದ್ದು, ಬೆರಳಿನ ಜಿಡ್ಡು. ನಾನು ಮೊದಲ ಎರಡು ವರ್ಷ ಹೋರಾಡಿದ್ದು ಈ ಚರಪರ ಸದ್ದಿನ ಜೊತೆ. ಅದು ತಪ್ಪು ಶತ್ರು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ದುಡ್ಡು ಹೋಗಿತ್ತು.

ಆ ದುಡ್ಡಿನ ಲೆಕ್ಕ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ವ್ಯಾಕ್ಯೂಮ್ ಕ್ಲೀನಿಂಗ್ ಮೆಷಿನ್‌ಗೆ 180 ಪೌಂಡ್ ಕೊಟ್ಟೆ. ಏಳಿಂಚಿನ ರೆಕಾರ್ಡ್‌ಗೆ ಅದರ ಹೀರುವ ಕೈ ಸರಿಯಾಗಿ ಕೂರಲಿಲ್ಲ. ಆರು ತಿಂಗಳಿಗೆ 110ಕ್ಕೆ ಮಾರಿದೆ. ಕಂಪ್ಯೂಟರ್‌ಗೆ ಇಳಿಸಿಕೊಂಡ ಹಾಡಿನಿಂದ ಸದ್ದು ತೆಗೆಯುವ ಸಾಫ್ಟ್‌ವೇರ್‌ಗೆ ಐವತ್ತರ ಮೇಲೆ ಹೋಯಿತು. ಅದು ಸದ್ದಿನ ಜೊತೆ ಡ್ರಮ್‌ನ ಹೈ-ಹ್ಯಾಟ್ ತಾಳದ ಹೊಳಪನ್ನೂ ಒರೆಸಿಬಿಟ್ಟಿತು. ಗಿಟಾರ್‌ನ ಚಕ್-ಚಕ್ ಹೊಡೆತ ಬಟ್ಟೆ ಸುತ್ತಿದ ಹಾಗೆ ಕೇಳುತ್ತಿತ್ತು. ಈಗ ದೊಡ್ಡ ಟಪ್ ಸದ್ದುಗಳನ್ನು ಮಾತ್ರ ಒಂದೊಂದಾಗಿ ಕೈಯಲ್ಲಿ ತೆಗೆಯುತ್ತೇನೆ. ಉಳಿದದ್ದು ಇರಲಿ. ಹಿನ್ನೆಲೆಯ ಸಣ್ಣ ಸದ್ದು ಐದು ನಿಮಿಷದಲ್ಲಿ ಕಿವಿಗೆ ಒಗ್ಗುತ್ತದೆ.

ಅತಿ ದೊಡ್ಡ ನಷ್ಟ ಆಗಿದ್ದು ಓವನ್‌ನಿಂದ. ಸೊಟ್ಟಗಾದ ನಾಲ್ಕು ರೆಕಾರ್ಡ್‌ಗಳನ್ನು ಎರಡು ಗಾಜಿನ ನಡುವೆ ಇಟ್ಟು ಬಿಸಿ ಮಾಡಿದೆ. ಡಯಲ್ 50 ಡಿಗ್ರಿ ತೋರಿಸುತ್ತಿತ್ತು. ಒಳಗೆ ಎಷ್ಟಿತ್ತೋ, ನಾನು ಥರ್ಮಾಮೀಟರ್ ಇಟ್ಟಿರಲಿಲ್ಲ. ರೆಕಾರ್ಡ್ ಚಪ್ಪಟೆ ಆಯಿತು, ಜೊತೆಗೆ ಗೆರೆಗಳೂ ಚಪ್ಪಟೆಯಾದವು. ಅದರಲ್ಲಿ ಒಂದರ ಬೆಲೆ ಆಗಲೇ ಎಪ್ಪತ್ತು ಪೌಂಡ್ ಇತ್ತು. ಬೆಲೆ ಬಿಡಿ, ಅದು ಅಂಕಲ್ ಮದುವೆಯ ದಿನ ಹಾಕಿದ ರೆಕಾರ್ಡ್. ಅವರ ಮನೆಗೆ ಹೋಗಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಚಹಾ ಕೊಟ್ಟರು. ಆ ದಿನದಿಂದ ಸೊಟ್ಟ ರೆಕಾರ್ಡ್‌ಗೆ ನಾನು ಬಿಸಿ ತೋರಿಸಿಲ್ಲ.

ತೊಳೆಯುವುದಕ್ಕೆ ಕೊನೆಗೆ ಕೈ ಹಿಡಿದದ್ದು ಮರದ ಕೆಲಸಕ್ಕೆ ಬಳಸುವ ಬಿಳಿ ಅಂಟು. ಹೌದು, ಹಲವರು ಹೆದರಿಸುವ ಅದೇ ಅಂಟು. ಮೊದಲ ಸಲ ತೆಳ್ಳಗೆ ಹಚ್ಚಿದೆ. ಕೀಳುವಾಗ ಚೂರುಚೂರಾಯಿತು. ಚಿಮುಟ ಹಿಡಿದು ಮೂರು ಗಂಟೆ ಕೂತೆ. ಇನ್ನೊಂದರಲ್ಲಿ ಅಂಟು ಲೇಬಲ್‌ಗೆ ತಾಗಿ, ಅರ್ಧ ಲೇಬಲ್ ಅದರ ಜೊತೆ ಎದ್ದು ಬಂತು. ಈಗ ಒಂದು ಬದಿಗೆ ಎರಡು ದೊಡ್ಡ ಚಮಚದಷ್ಟು ಹಾಕುತ್ತೇನೆ. ಲೇಬಲ್‌ನಿಂದ ಎರಡು ಮಿಲಿಮೀಟರ್ ದೂರ ಬಿಡುತ್ತೇನೆ. ಬೇಸಿಗೆಯಲ್ಲಿ ಒಂದು ದಿನ, ಈ ಊರಿನ ಚಳಿಗಾಲದಲ್ಲಿ ಎರಡು ದಿನ ಒಣಗಬೇಕು. ಬಿಳಿ ಬಣ್ಣ ಪೂರ್ತಿ ಹೋಗಿ ಗಾಜಿನ ಹಾಗೆ ಆದರೆ ಒಂದೇ ಹಾಳೆಯಾಗಿ ಎದ್ದು ಬರುತ್ತದೆ. ಅಂಚಿನಿಂದ ಹಾಳೆ ಎಬ್ಬಿಸುವುದಕ್ಕೆ ಒಂದು ಉಪಾಯ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಅಸಿಟೇಟ್ ಡಬ್‌ಪ್ಲೇಟ್‌ಗೆ (ಲೋಹದ ತಟ್ಟೆಯ ಮೇಲಿನ ಮೆತ್ತನೆ ಲೇಪದಲ್ಲಿ ಒಂದೊಂದಾಗಿ ಕೊರೆದ ರೆಕಾರ್ಡ್) ಮಾತ್ರ ಇದನ್ನು ಮುಟ್ಟಿಸಬೇಡಿ. ಮೇಲಿನ ಪದರವೇ ಕಿತ್ತು ಬರುತ್ತದೆ.

ನಡುವೆ ಒದ್ದೆ ಮಾಡಿ ನುಡಿಸಿಯೂ ನೋಡಿದೆ. ಡಿಸ್ಟಿಲ್ಡ್ ನೀರು ಸುರಿದು, ಆ ನೀರಲ್ಲೇ ಮುಳ್ಳು ಇಳಿಸುವುದು. ಮೊದಲ ಸಲ ಮೌನ ಅಂದರೆ ಅಂಥ ಮೌನ. ಒಣಗಿದ ಮೇಲೆ ಅದೇ ರೆಕಾರ್ಡ್ ಮೊದಲಿಗಿಂತ ಜಾಸ್ತಿ ಚರಗುಟ್ಟಿತು. ಎಂಟು ರೆಕಾರ್ಡ್ ಆದ ಮೇಲೆ ನಿಲ್ಲಿಸಿದೆ.

ಇನ್ನು ಮುಳ್ಳಿನ ವಿಷಯ. ಈ ರೆಕಾರ್ಡ್‌ಗಳೆಲ್ಲ ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು. ಸ್ಟೀರಿಯೋ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ಹಾಕಿದರೆ ಗೆರೆಯ ಮೇಲೆ-ಕೆಳಗಿನ ಅಲುಗಾಟವೂ ಸದ್ದಾಗುತ್ತದೆ. ಅಲ್ಲಿರುವುದು ಬರೀ ಕೊಳೆ ಮತ್ತು ಸವೆತ, ಹಾಡಲ್ಲ. ಡೆನಾನ್ ಡಿಎಲ್-102 ಅನ್ನುವ ಮೋನೋ ಕಾರ್ಟ್ರಿಜ್ ಹಾಕಿದೆ. ಇನ್ನೂರು ಪೌಂಡ್‌ಗೆ ಸ್ವಲ್ಪ ಹೆಚ್ಚುಕಡಿಮೆ. ಅರ್ಧ ಸದ್ದು ಅಲ್ಲೇ ಹೋಯಿತು. ತೀರಾ ಸವೆದವಕ್ಕೆ ಬೇರೆ ಕಾರ್ಟ್ರಿಜ್‌ನಲ್ಲಿ 25 ಮೈಕ್ರಾನ್‌ನ ದಪ್ಪ ಮುಳ್ಳು ಇಟ್ಟುಕೊಂಡಿದ್ದೇನೆ. ಅದು ಗೆರೆಯ ಗೋಡೆಯಲ್ಲಿ ಸ್ವಲ್ಪ ಮೇಲೆ ಕೂರುತ್ತದೆ, ಹಳೆಯ ಮುಳ್ಳು ಮುಟ್ಟದ ಜಾಗದಲ್ಲಿ. ಎಲ್ಲ ರೆಕಾರ್ಡ್‌ಗೂ ಇದು ನಡೆಯುವುದಿಲ್ಲ. ನಡೆದಾಗ ಹಾಡುಗಾರರ ಉಸಿರೂ ಕೇಳುತ್ತದೆ.

ಇಷ್ಟೆಲ್ಲ ಆದರೂ ನನಗೆ ಸಮಾಧಾನ ಇರಲಿಲ್ಲ. ಅಮ್ಮ ಮೈಸೂರಿನಲ್ಲಿ ಮನೆಯಲ್ಲೇ ಸಂಗೀತ ಪಾಠ ಹೇಳುತ್ತಿದ್ದರು. ಬೆಳಗ್ಗೆ ಐದೂವರೆಗೆ ತಂಬೂರಿ ಕೇಳಿ ಎದ್ದವನು ನಾನು. ಶ್ರುತಿ ಅಲುಗಿದರೆ ನನಗೆ ಕೂರಲು ಆಗುವುದಿಲ್ಲ. ಈ ರೆಕಾರ್ಡ್‌ಗಳಲ್ಲಿ ಶ್ರುತಿ ತೂಗುತ್ತಿತ್ತು. ಆರ್ಗನ್ ಒಂದು ಸ್ವರ ಹಿಡಿದರೆ ಸಾಕು, ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಕಾರಣ ಸಂಗ್ರಹಕಾರರಿಗೆಲ್ಲ ಗೊತ್ತಿರುವುದೇ, ರೆಕಾರ್ಡ್‌ನ ತೂತು ನಟ್ಟನಡುವೆ ಇಲ್ಲ. ಆದರೆ ಅದು ಎಷ್ಟು ದೊಡ್ಡ ದೋಷ ಅಂತ ನಾನು ಲೆಕ್ಕ ಹಾಕಿರಲಿಲ್ಲ. ತೂತು ಒಂದೇ ಒಂದು ಮಿಲಿಮೀಟರ್ ಸರಿದಿದ್ದರೂ ಸ್ವರದ ಮೇಲಿನ ತುದಿಗೂ ಕೆಳಗಿನ ತುದಿಗೂ ಇರುವ ಅಂತರ, ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರುವ ಅಂತರದ ಅರ್ಧಕ್ಕೆ ಹತ್ತಿರ ಹೋಗುತ್ತದೆ. ಎರಡೂವರೆ ನಿಮಿಷದ ಹಾಡಿನಲ್ಲಿ ಹೀಗೆ ನೂರಕ್ಕೂ ಜಾಸ್ತಿ ಸಲ ಆಗುತ್ತದೆ.

ರಾಕ್‌ಸ್ಟೆಡಿಗೆ ಮೊದಲಿದ್ದ ಜಮೈಕಾದ ಸ್ಕಾ ಸಂಗೀತದಲ್ಲಿ ಇದು ಹೇಗೋ ಮುಚ್ಚಿಹೋಗುತ್ತದೆ, ಓಟ ಜೋರು. ರಾಕ್‌ಸ್ಟೆಡಿಯಲ್ಲಿ ಮುಚ್ಚಲು ಆಗುವುದೇ ಇಲ್ಲ. 1966ರಿಂದ 68ರವರೆಗಿನ ಆ ಎರಡು ವರ್ಷದಲ್ಲಿ ಕಿಂಗ್‌ಸ್ಟನ್‌ನ ಸಂಗೀತಗಾರರು ವೇಗ ಇಳಿಸಿದರು. ಜಾಗ ಬಿಟ್ಟು ನುಡಿಸಿದರು. ಬೇಸ್, ಅಂದರೆ ತಗ್ಗಿನ ಸ್ವರದ ವಾದ್ಯ, ಮುಂದೆ ಬಂತು. ಟ್ರಿನಿಡಾಡ್‌ನಿಂದ ಬಂದ ಲಿನ್ ಟೈಟ್ ಗಿಟಾರ್‌ನಲ್ಲಿ ಬೇಸ್‌ನ ಸಾಲನ್ನೇ ಜೊತೆಗೂಡಿ ನುಡಿಸುತ್ತಿದ್ದರು. ಮೇಲೆ ಮೂವರು ಹಾಡುಗಾರರ ಸ್ವರ ಒಂದರ ಮೇಲೊಂದು ಕೂರುತ್ತಿತ್ತು. ಪ್ಯಾರಗಾನ್ಸ್, ಮೆಲೋಡಿಯನ್ಸ್, ಹೆಪ್ಟೋನ್ಸ್, ಎಲ್ಲರದೂ ಇದೇ ಬಗೆ. ಇಷ್ಟು ಬಯಲಾಗಿ ಕಾಣುವ ಸಂಗೀತ ತೂಗಾಡಿದರೆ ಇಡೀ ಮನೆಯೇ ತೂಗಿದ ಹಾಗೆ. ಕಿಂಗ್‌ಸ್ಟನ್‌ನ ಬಾಂಡ್ ಸ್ಟ್ರೀಟ್‌ನಲ್ಲಿ, ತನ್ನ ಹೆಂಡದಂಗಡಿಯ ಮೇಲಿನ ಸ್ಟುಡಿಯೋದಲ್ಲಿ ಟ್ರೆಶರ್ ಐಲ್‌ನ ಒಡೆಯ ಡ್ಯೂಕ್ ರೀಡ್ ಅಷ್ಟು ಎಚ್ಚರದಿಂದ ಮಾಡಿಸಿದ ಹಾಡು ಹೀಗೆ ಕೇಳಬಾರದು.

ಉಪಾಯ ರೆಕಾರ್ಡ್‌ನಲ್ಲೇ ಇತ್ತು. ಜಮೈಕಾದ ಏಳಿಂಚಿಗೆ ದೊಡ್ಡ ತೂತು, 38 ಮಿಲಿಮೀಟರ್. ನಾವೆಲ್ಲ ತಕ್ಷಣ ಅಡಾಪ್ಟರ್ ಇಟ್ಟು ಅದನ್ನು ತುಂಬುತ್ತೇವೆ. ಅಡಾಪ್ಟರ್ ತೆಗೆದಿಟ್ಟರೆ ರೆಕಾರ್ಡ್ ಎಲ್ಲ ಕಡೆಗೂ ಸರಿಯಬಹುದು, ಅಲ್ವಾ? ಹಾಗಾದರೆ ತಪ್ಪು ತೂತನ್ನು ಮರೆತು, ಗೆರೆಯ ನಿಜವಾದ ನಡುವನ್ನು ಸ್ಪಿಂಡಲ್‌ಗೆ, ಅಂದರೆ ಟರ್ನ್‌ಟೇಬಲ್‌ನ ನಡುಗಡ್ಡಿಗೆ, ತರಬಹುದು.

ಇದನ್ನು ಹೇಳಿದಾಗ ನಮ್ಮ ಸಂಗ್ರಹಕಾರರ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ಬೆರಳಲ್ಲಿ ತಳ್ಳಿ ಅರ್ಧ ಮಿಲಿಮೀಟರ್ ಹಿಡಿಯೋದು ಆಗದ ಮಾತು ಅಂದರು. ನುಡಿಯುವಾಗ ಜಾರುತ್ತೆ ಅಂದರು. ಮೊದಲ ಮೂರು ತಿಂಗಳು ಅವರು ಹೇಳಿದ್ದೇ ಸರಿ ಅನ್ನಿಸಿತ್ತು. ರೆಕಾರ್ಡ್ ಕೆಳಗೆ ಹಾಸುವ ಫೆಲ್ಟ್ ಸ್ಲಿಪ್‌ಮ್ಯಾಟ್ ಮೇಲೆ ನಿಜವಾಗಿಯೂ ಜಾರಿತು. ದಪ್ಪ ರಬ್ಬರ್ ಮ್ಯಾಟ್ ಹಾಕಿದೆ, ಜಾರುವುದು ನಿಂತಿತು. ಆದರೂ ನಡು ಸಿಗಲಿಲ್ಲ. ಒಂದು ರೆಕಾರ್ಡ್‌ಗೆ ನಲವತ್ತು ನಿಮಿಷ ಹೋಗುತ್ತಿತ್ತು. ಎರಡು ತಪ್ಪು ಮಾಡುತ್ತಿದ್ದೆ. ಒಂದು, ಹಾಡಿನ ನಡುವೆ ಮುಳ್ಳು ಇಟ್ಟು ನೋಡುತ್ತಿದ್ದೆ. ಅಲ್ಲಿ ಮುಳ್ಳು ಹಿಡಿದ ಟರ್ನ್‌ಟೇಬಲ್‌ನ ಕೈ ಒಳಗೂ ಹೋಗುತ್ತಿರುತ್ತದೆ, ತೂಗಾಟ ಸರಿಯಾಗಿ ಕಾಣುವುದಿಲ್ಲ. ಹಾಡು ಮುಗಿದ ಮೇಲೆ ಮುಳ್ಳು ಸುತ್ತುತ್ತಲೇ ಇರುವ ಕೊನೆಯ ಗೆರೆ ಇದೆಯಲ್ಲ, ಅಲ್ಲಿ ನೋಡಬೇಕು. ಇನ್ನೊಂದು, ತೂಗಾಟ ಎಷ್ಟು ಕಂಡಿತೋ ಅಷ್ಟೇ ತಳ್ಳುತ್ತಿದ್ದೆ. ಆಗ ನಡು ದಾಟಿ ಆ ಕಡೆಗೆ ಹೋಗುತ್ತದೆ. ಕಂಡಿದ್ದರ ಅರ್ಧ ಮಾತ್ರ ತಳ್ಳಬೇಕು. ಟರ್ನ್‌ಟೇಬಲ್‌ನ ಕೈ ಅತ್ಯಂತ ಹೊರಗೆ ಬಂದ ಕ್ಷಣದಲ್ಲಿ ಪ್ಲ್ಯಾಟರ್ (ತಿರುಗುವ ತಟ್ಟೆ) ನಿಲ್ಲಿಸಿ, ಮುಳ್ಳು ಎತ್ತಿ, ಮುಳ್ಳಿದ್ದ ಆ ಅಂಚನ್ನು ಉಗುರಿನಿಂದ ಸ್ಪಿಂಡಲ್ ಕಡೆಗೆ ತಳ್ಳುವುದು. ಮೂರು ಸಲ, ಹೆಚ್ಚೆಂದರೆ ನಾಲ್ಕು ಸಲ. ಈಗ ನನಗೆ ಒಂದು ಬದಿಗೆ ಎರಡು ನಿಮಿಷ ಸಾಕು. ತಿರುಗಿಸಿ ಹಾಕಿದರೆ ಮತ್ತೆ ಮೊದಲಿಂದ ಹುಡುಕಬೇಕು. ಆ ಬದಿಯ ತಪ್ಪೇ ಬೇರೆ.

ಹಾಲ್‌ನಲ್ಲಿ ಜನರ ಮುಂದೆ ಎರಡು ನಿಮಿಷವೂ ಇರುವುದಿಲ್ಲ. ಹಾಗಾಗಿ ಮನೆಯಲ್ಲೇ ನಡು ಹುಡುಕಿ ಗುರುತು ಮಾಡಿಕೊಂಡು ಹೋಗುತ್ತೇನೆ. ಅಲ್ಲಿ ಇಪ್ಪತ್ತು ಸೆಕೆಂಡಿಗೆ ಕೂರಿಸುತ್ತೇನೆ. ಗುರುತು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ. ಲೇಬಲ್‌ಗೆ ಪೆನ್ನು ತಾಗಿಸುವುದಿಲ್ಲ ಅಂತ ಮಾತ್ರ ಹೇಳುತ್ತೇನೆ.

ಬ್ರಿಟನ್‌ನಲ್ಲಿ ಒತ್ತಿದ, ಟ್ರೋಜನ್‌ನಂಥ ಕಂಪನಿಗಳ ರೆಕಾರ್ಡ್‌ಗೆ ನಡುವಿನ ಬಿಲ್ಲೆ ಮುರಿದು ತೆಗೆದರೆ ಇದೇ ದೊಡ್ಡ ತೂತು ಸಿಗುತ್ತದೆ. ಬೆಲೆ ಇಳಿಯುತ್ತದೆ, ನಿಜ. ನಾನು ನಾಲ್ಕೈದು ಮುರಿದಿದ್ದೇನೆ. ಮಾರಲು ಇಟ್ಟುಕೊಂಡವರು ಮುರಿಯಬೇಡಿ, ಕೇಳಲು ಇಟ್ಟುಕೊಂಡವರು ಯೋಚನೆ ಮಾಡಿ.

ಸ್ಪೀಕರ್‌ನಲ್ಲೂ ಪಾಠ ಕಲಿತೆ. ಮನೆಯ ಹೈಫೈ ಟವರ್ ಒಯ್ದರೆ ಹಾಲ್‌ನಲ್ಲಿ ಬೇಸ್ ಮಾಯ. ಹಳೆಯ ಹದಿನೈದಿಂಚಿನ ಎರಡು ಪೆಟ್ಟಿಗೆ 260 ಪೌಂಡ್‌ಗೆ ಸಿಕ್ಕವು. ಅಂಕಲ್ ಅವನ್ನು ಮೂಲೆಗೆ ತಳ್ಳಿಸಿ, ಗೋಡೆಯಿಂದ ಒಂದು ಗೇಣು ಮುಂದೆ ಎಳೆಸಿದರು. ನಾನು ಅಳತೆ ಟೇಪ್ ಹಿಡಿದು ಒಂದು ವಾರ ಮಾಡಿದ್ದನ್ನು ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ಐದು ನಿಮಿಷದಲ್ಲಿ ಮಾಡಿದರು.

ಹಾಲ್ ಬಾಡಿಗೆ ಸಂಜೆಗೆ 25 ಪೌಂಡ್. ಸಂಗೀತದ ಲೈಸೆನ್ಸ್ ಹಾಲ್‌ಗೇ ಇದೆ. ಬಾಗಿಲಲ್ಲಿ ಒಂದು ಬಟ್ಟಲು ಇಟ್ಟಿರುತ್ತೇವೆ, ಬಾಡಿಗೆ ಹುಟ್ಟುತ್ತದೆ. ಇಲ್ಲಿವರೆಗೆ ಒಟ್ಟು ಸಾವಿರ ಪೌಂಡ್ ಆಸುಪಾಸು ಹಾಕಿರಬೇಕು. ಹಾಡಿನ ಡಿಜಿಟಲ್ ಫೈಲ್ ಕಳಿಸಿ ಅಂತ ಕೇಳುವವರಿಗೆ ನಾನು ಕಳಿಸುವುದಿಲ್ಲ. ಆ ಹಾಡುಗಾರರಲ್ಲಿ ಎಷ್ಟೋ ಜನಕ್ಕೆ ಅವತ್ತೂ ಸರಿಯಾಗಿ ದುಡ್ಡು ಸಿಗಲಿಲ್ಲ. ಮರುಮುದ್ರಣ ಸಿಕ್ಕರೆ ಕೊಳ್ಳಿ, ಹಳೆಯದು ಕೇಳಬೇಕೆಂದರೆ ಬನ್ನಿ.

ಶ್ರುತಿ ನಿಂತ ಮೇಲೆ ಸಂಜೆಯ ಕ್ರಮವೇ ಬದಲಾಯಿತು. ಮೊದಲು ಹಾಡು, ಆಮೇಲೆ ಹಿಂಬದಿಯ ವರ್ಷನ್ (ಹಾಡಿನ ದನಿ ತೆಗೆದ ಬರೀ ವಾದ್ಯ), ಆಮೇಲೆ ಅದೇ ರಿದಿಮ್ (ಹಾಡಿನ ಕೆಳಗಿನ ಬೇಸ್-ಡ್ರಮ್ ಸಂಗೀತ) ಮೇಲೆ ಹತ್ತು ವರ್ಷದ ನಂತರ ಬಂದ ಇನ್ನೊಂದು ಹಾಡು. ಕಿಂಗ್‌ಸ್ಟನ್‌ನ ಸ್ಟುಡಿಯೋ ಒನ್‌ನಲ್ಲಿ ಸೌಂಡ್ ಡೈಮೆನ್ಷನ್ ತಂಡ ನುಡಿಸಿದ 'ರಿಯಲ್ ರಾಕ್' ಹಾಕಿ, ಅದರ ಹಿಂದೆಯೇ ಅದೇ ರಿದಿಮ್ ಮೇಲೆ ವಿಲ್ಲಿ ವಿಲಿಯಮ್ಸ್ ಹಾಡಿದ್ದನ್ನು ಹಾಕಿದೆ. ಮೊದಲಾಗಿದ್ದರೆ ಎರಡೂ ಎರಡು ದಿಕ್ಕಿಗೆ ತೂಗುತ್ತಿದ್ದವು. ಈಗ ಒಂದೇ ಬೇಸ್ ಮುಂದುವರಿದ ಹಾಗೆ ಕೇಳಿತು. ಯುವಕರು ಫೋನ್ ಕೆಳಗಿಟ್ಟರು.

ಖಾಲಿ ಲೇಬಲ್‌ನವು ನನ್ನ ಹತ್ತಿರ ಮೂವತ್ತರ ಹತ್ತಿರ ಇವೆ. ಕೆಲವು ಹೆಸರು ಅಚ್ಚಾಗುವ ಮೊದಲೇ ಹಡಗು ಹತ್ತಿದವು. ಕೆಲವಕ್ಕೆ ಲೇಬಲ್ ಕೆರೆದು ಹಾಕಿದ್ದಾರೆ, ಎದುರಾಳಿ ಸೌಂಡ್ ಸಿಸ್ಟಂನವರಿಗೆ (ದೊಡ್ಡ ಸ್ಪೀಕರ್ ಇಟ್ಟು ರೆಕಾರ್ಡ್ ಹಾಕುವ ತಂಡದವರಿಗೆ) ಹಾಡು ಯಾವುದು ಅಂತ ಗೊತ್ತಾಗದಿರಲಿ ಅಂತ. ಹೋದ ತಿಂಗಳು ಅಂಥದ್ದೊಂದನ್ನು ಹಾಕಿದೆ. ನಾನು ಎರಡು ವರ್ಷ ಹುಡುಕಿ ಸೋತಿದ್ದೆ. ಎರಡನೇ ಸಾಲು ಬರುವ ಮೊದಲೇ ಹಿಂದಿನ ಕುರ್ಚಿಯಿಂದ ಒಬ್ಬ ಆಂಟಿ, "ಆಲ್ಟನ್!" ಅಂತ ಕೂಗಿದರು. ರಾಕ್‌ಸ್ಟೆಡಿ ಹಾಡುಗಾರ ಆಲ್ಟನ್ ಎಲ್ಲಿಸ್‌ನ ದನಿ. ಅಂಕಲ್ ಕೋಲು ಎತ್ತಿ ಮೇಜಿಗೆ ಎರಡು ಸಲ ಬಡಿದರು. ಹಾಡು ನಿಲ್ಲಿಸಿ ಮತ್ತೆ ಮೊದಲಿಂದ ಹಾಕು ಅಂತ ಅರ್ಥ. ಮುಳ್ಳು ಎತ್ತಿದೆ, ರೆಕಾರ್ಡ್ ಮುಟ್ಟಲಿಲ್ಲ, ನಡು ಕೂತಿತ್ತು. ಮತ್ತೆ ಹಾಕಿದೆ.