ಕಲ್ಚರ್ ರಿಪೋರ್ಟಿಗೆ ಮೂರು ದಿನ ಯಾಕೆ?

"ಅಕ್ಕಾರ, ಶುಗರ್ ರಿಪೋರ್ಟ್ ತಾಸಿನಾಗ ಕೊಡ್ತೀರಿ, ಇದಕ್ಯಾಕ್ರೀ ಮೂರು ದಿನಾ?" ನಮ್ಮ ಕೌಂಟರಿನಲ್ಲಿ ಜಾಸ್ತಿ ಕೇಳಿಬರುವ ಪ್ರಶ್ನೆ ಇದೇ. ಹುಬ್ಬಳ್ಳಿಯ ಒಂದು ಸಣ್ಣ ಲ್ಯಾಬಿನಲ್ಲಿ ಕಲ್ಚರ್ ಟೇಬಲ್ ನನ್ನದು. ಮೂತ್ರ, ಕೀವು, ಕಫ, ರಕ್ತ, ಏನೇ ಬರಲಿ, ಅದರಲ್ಲಿ ಬ್ಯಾಕ್ಟೀರಿಯಾ ಇದೆಯಾ, ಇದ್ದರೆ ಯಾವುದು, ಯಾವ ಔಷಧಿಗೆ ಬಗ್ಗುತ್ತೆ ಅಂತ ಹುಡುಕಿ ಹೇಳುವುದು ನನ್ನ ಕೆಲಸ. ಕುಂದಗೋಳ, ಕಲಘಟಗಿ, ನವಲಗುಂದ, ಶಿಗ್ಗಾವಿ ಕಡೆಯಿಂದೆಲ್ಲ ಡಬ್ಬಿ ಬರುತ್ತವೆ. ಶುಗರ್ ಆದರೆ ಮಷಿನ್ ಅಳೆದು ಹೇಳಿಬಿಡುತ್ತೆ. ಇಲ್ಲಿ ಒಂದು ಜೀವವನ್ನು ಬೆಳೆಸಬೇಕು, ಅದು ತನ್ನ ಹೊತ್ತು ತಗೊಂಡೇ ತಗೊಳ್ಳುತ್ತೆ. ಆ ಮೂರು ದಿನ ಟೇಬಲ್ ಮೇಲೆ ಏನೇನು ನಡೆಯುತ್ತೆ ಅಂತ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಮೊದಲು ಡಬ್ಬಿಯ ವಿಷಯ. ನನ್ನ ಪ್ರಕಾರ ಅರ್ಧ ರಿಪೋರ್ಟ್ ಅಲ್ಲೇ ತೀರ್ಮಾನ ಆಗಿರುತ್ತೆ. ಕೆಲವರು ಮನೆಯಲ್ಲಿದ್ದ ಟಾನಿಕ್ ಬಾಟಲಿ ತೊಳೆದು ಅದರಲ್ಲೇ ಮೂತ್ರ ಹಿಡಿದು ತರುತ್ತಾರೆ. ಅದನ್ನು ನಾನು ವಾಪಸ್ ಕಳಿಸುತ್ತೇನೆ, ಸಿಟ್ಟಾಗುತ್ತಾರೆ, ಆಗಲಿ. ಲ್ಯಾಬಿನವರು ಕೊಟ್ಟ ಸ್ಟೆರೈಲ್ ಡಬ್ಬಿಯೇ ಬೇಕು, ನೀರಿನಿಂದ ತೊಳೆದುಕೊಂಡು, ಮೊದಲು ಬರುವ ಮೂತ್ರ ಬಿಟ್ಟು, ನಡುವಿನದನ್ನು ಹಿಡಿಯಬೇಕು. ಆಮೇಲೆ ಎರಡು ತಾಸಿನೊಳಗೆ ಲ್ಯಾಬ್ ಮುಟ್ಟಬೇಕು, ಇಲ್ಲವೆಂದರೆ ಫ್ರಿಜ್ಜಿನಲ್ಲಿಡಬೇಕು. ಯಾಕೆ ಅಂದರೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾಗೆ ಊಟ, ಶಾಖ ಸರಿಯಾಗಿ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತೆ. ಲೆಕ್ಕ ಹಾಕಿ ನೋಡಿ, ಮೂರು ತಾಸಿನಲ್ಲಿ ಒಂದು ಇದ್ದದ್ದು 512. ಏಪ್ರಿಲ್ ಬಿಸಿಲಿನಲ್ಲಿ ನವಲಗುಂದದಿಂದ ಬಸ್ಸಿನಲ್ಲಿ ಡಬ್ಬಿ ಹಿಡಿದು ಬಂದರೆ ಅದು ಡಬ್ಬಿ ಅಲ್ಲ, ಚಲಿಸುವ ಇನ್‌ಕ್ಯುಬೇಟರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಬೆಚ್ಚಗಿನ ಪೆಟ್ಟಿಗೆ! ಇಲ್ಲದ ಇನ್ಫೆಕ್ಷನ್ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುತ್ತೆ.

ಮಾದರಿ ಬಂದ ಮೇಲೆ ಪ್ಲೇಟಿಗೆ ಹಾಕುತ್ತೇನೆ. ಪ್ಲೇಟಿನಲ್ಲಿರುವುದು ಅಗರ್, ಬ್ಯಾಕ್ಟೀರಿಯಾ ಬೆಳೆಯಲು ಹಾಸುವ ಜೆಲ್ಲಿ, ಕಡಲಿನ ಪಾಚಿಯಿಂದ ತೆಗೆದದ್ದು. ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ. ಜರ್ಮನಿಯಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಅವರ ಲ್ಯಾಬಿನಲ್ಲಿ ಮೊದಲು ಜೆಲಾಟಿನ್ ಬಳಸುತ್ತಿದ್ದರು. ಮೈಯ ಶಾಖಕ್ಕೇ ಅದು ಕರಗಿ ನೀರಾಗುತ್ತಿತ್ತು, ಮೇಲಾಗಿ ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದುಬಿಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ ತಮ್ಮ ಅಡುಗೆಮನೆಯಲ್ಲಿ ಜೆಲ್ಲಿ ಗಟ್ಟಿಯಾಗಲು ಅಗರ್ ಹಾಕುತ್ತಿದ್ದರು, ಅದನ್ನೇ ಹಾಕಿ ನೋಡಿ ಅಂದವರು ಅವರೇ. 1881ರ ಮಾತು ಇದು. ಮುಚ್ಚಳದ ಗಾಜಿನ ತಟ್ಟೆ 1887ರಲ್ಲಿ ಬಂತು, ಅದಕ್ಕೆ ಪೆಟ್ರಿ ಎಂಬುವರ ಹೆಸರು ಸಿಕ್ಕಿತು. ಹೆಸ್ಸೆ ಬಾಯಿಯ ಹೆಸರು ಮಾತ್ರ ಯಾವುದಕ್ಕೂ ಇಲ್ಲ, ನೋಡಿ.

ಅಗರ್ ಪುಡಿಯನ್ನು ಕುದಿಸಿ, ಕುಕ್ಕರಿನಂಥ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ 15 ನಿಮಿಷ ಇಟ್ಟು, ಸ್ವಲ್ಪ ಆರಿದ ಮೇಲೆ ಸುರಿಯುತ್ತೇನೆ. ನೀರು ನೂರಕ್ಕೇ ಕುದಿಯುತ್ತಲ್ಲ, ಮತ್ತೆ 121 ಯಾಕೆ ಅಂತ ಹೊಸದಾಗಿ ಕಲಿಯಲು ಬಂದ ಹುಡುಗರು ಕೇಳುತ್ತಾರೆ. ಉತ್ತರ ಸ್ಪೋರ್. ಕೆಲವು ಬ್ಯಾಕ್ಟೀರಿಯಾ ತಿನ್ನೋಕೆ ಏನೂ ಸಿಗದಿದ್ದಾಗ ಒಳಗೇ ಒಂದು ಗಟ್ಟಿ ಕವಚ ಕಟ್ಟಿಕೊಂಡು, ಒಳಗಿನ ನೀರನ್ನೆಲ್ಲ ಕಡಿಮೆ ಮಾಡಿಕೊಂಡು ಸುಮ್ನೆ ಬಿದ್ದಿರುತ್ತವೆ. ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಕುದಿಯುವ ನೀರು, ಒಣ ಬಿಸಿಲು, ಸ್ಪಿರಿಟ್, ಯಾವುದಕ್ಕೂ ಜಗ್ಗಲ್ಲ. ಒತ್ತಡದ ಉಗಿ ಬೇಕು. ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷೆ ಮಾಡೋಕೆ ನಾವು ಒಳಗೆ ಇಡುವುದೂ ಇಂಥ ಸ್ಪೋರ್ ಇರುವ ಟ್ಯೂಬನ್ನೇ. ಅದು ಸತ್ತರೆ ಉಳಿದದ್ದೆಲ್ಲ ಸತ್ತ ಹಾಗೆ.

ನಮ್ಮ ಕಡೆಯ ಮಣ್ಣಿಗೂ ಈ ಸ್ಪೋರಿಗೂ ನೇರ ಸಂಬಂಧ ಇದೆ. ಧನುರ್ವಾಯುವಿನ ಕ್ಲಾಸ್ಟ್ರಿಡಿಯಂ ಟೆಟನಿ ಹೊಲದ ಮಣ್ಣಿನಲ್ಲಿ, ಸಗಣಿಯಲ್ಲಿ ಸ್ಪೋರ್ ಆಗಿ ಇರುತ್ತೆ. ಕುಂಟೆ ತಾಗಿ ಆಳವಾಗಿ ಗಾಯ ಆಯಿತು ಅನ್ನಿ. ಗಾಳಿ ಆಡದ ಆ ಗಾಯದ ತಳದಲ್ಲಿ ಸ್ಪೋರ್ ಒಡೆದು ಬೆಳೆಯುತ್ತೆ, ವಿಷ ಬಿಡುತ್ತೆ, ಆ ವಿಷ ನರ ಹಿಡಿದು ಮೇಲೆ ಹತ್ತುತ್ತೆ. ದವಡೆ ಕಚ್ಚಿಕೊಳ್ಳುವುದು, ಬೆನ್ನು ಬಿಲ್ಲಾಗುವುದು ಎಲ್ಲ ಆ ವಿಷದ ಕೆಲಸ. ಕಬ್ಬಿಣದ ತುಕ್ಕಿಗೆ ಧನುರ್ವಾಯು ಬರುತ್ತೆ ಅಂತ ಹೇಳುತ್ತಾರಲ್ಲ, ತುಕ್ಕಿನ ತಪ್ಪೇನೂ ಇಲ್ಲ, ಅದಕ್ಕೆ ಅಂಟಿದ ಮಣ್ಣಿನದು. ಕುರಿಗಳಿಗೆ ಬರುವ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಅದೂ ಸ್ಪೋರಿನದೇ ಆಟ. ನೆರಡಿಯಿಂದ ಸತ್ತ ಕುರಿಯನ್ನು ಕೊಯ್ಯಬೇಡಿ, ಆಳವಾಗಿ ಸುಣ್ಣ ಹಾಕಿ ಹೂಳಿ ಅಂತ ಪಶು ಡಾಕ್ಟರು ಹೇಳುವುದು ಇದಕ್ಕೇ. ಕೊಯ್ದರೆ ಗಾಳಿ ತಾಗಿ ಸ್ಪೋರ್ ಆಗುತ್ತೆ, ಆ ಜಾಗ ಹತ್ತಾರು ವರ್ಷ ಕೆಡುತ್ತೆ.

ಸರಿ, ಪ್ಲೇಟಿಗೆ ಬರೋಣ. ಒಂದು ಮೈಕ್ರೋಲೀಟರ್ (ಒಂದು ಎಂಎಲ್‌ನ ಸಾವಿರದ ಒಂದು ಪಾಲು) ಹಿಡಿಯುವ ಲೂಪ್ ಎಂಬ ಸಣ್ಣ ಬಳೆಯಿಂದ ಮೂತ್ರ ತೆಗೆದು ಗೆರೆ ಎಳೆದು 37 ಡಿಗ್ರಿಯಲ್ಲಿ ರಾತ್ರಿ ಇಡುತ್ತೇನೆ. ಕರೆಂಟ್ ಹೋದರೆ ಇನ್ವರ್ಟರ್ ಇದೆ, ಅದಕ್ಕೆ ಮೊದಲ ಹಕ್ಕು ಇನ್‌ಕ್ಯುಬೇಟರಿನದು, ಫ್ಯಾನ್ ಆಮೇಲೆ. ಮಾರನೇ ದಿನ ಮುಂಜಾನೆ ಮುಚ್ಚಳ ತೆಗೆಯುವ ಹೊತ್ತು ಈ ಕೆಲಸದಲ್ಲೇ ನನಗೆ ಇಷ್ಟವಾದ ಹೊತ್ತು. ನೂರು ಕಾಲನಿ, ಅಂದರೆ ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆ, ಕಂಡರೆ ಒಂದು ಎಂಎಲ್‌ನಲ್ಲಿ ಒಂದು ಲಕ್ಷ ಅಂತ ಲೆಕ್ಕ, ಅಷ್ಟಿದ್ದರೆ ಸಾಮಾನ್ಯವಾಗಿ ಇನ್ಫೆಕ್ಷನ್ ಅಂತ ಹಿಡಿಯುತ್ತೇವೆ. ಮೂರ್ನಾಲ್ಕು ತರದವು ಕಲಸಿ ಬೆಳೆದಿದ್ದರೆ ಮಾದರಿ ಹಿಡಿದದ್ದೇ ಸರಿ ಇಲ್ಲ, ಮತ್ತೆ ತರಿಸುತ್ತೇನೆ.

ಮ್ಯಾಕಾಂಕಿ ಅಗರ್ ಮೇಲೆ ಇ. ಕೋಲೈ ಗುಲಾಬಿ ಬಣ್ಣಕ್ಕೆ, ಒಣಗಿದಂತೆ, ಚಪ್ಪಟೆ ಇರುತ್ತೆ. ಕ್ಲೆಬ್ಸಿಯೆಲ್ಲಾ ಕೂಡ ಗುಲಾಬಿನೇ, ಆದರೆ ಉಬ್ಬಿ ಲೋಳೆ ಲೋಳೆ. ಲೂಪ್ ಮುಟ್ಟಿಸಿ ಎತ್ತಿದರೆ ಎಳೆ ಬರುತ್ತೆ. ಆ ಲೋಳೆಯೇ ಅದರ ರಕ್ಷಣೆ, ನಮ್ಮ ಬಿಳಿ ರಕ್ತಕಣ ಹಿಡಿದು ನುಂಗೋಕೆ ಹೋದರೆ ಜಾರಿಕೊಳ್ಳುತ್ತೆ. ಸೂಡೊಮೋನಾಸ್ ಹಸಿರು ಬಣ್ಣ ಬಿಡುತ್ತೆ, ಮುಚ್ಚಳ ತೆಗೆದ ಕೂಡಲೇ ದ್ರಾಕ್ಷಿಯ ಸಿಹಿ ವಾಸನೆ. ಬೇಕೆಂದೇ ಮೂಸಬಾರದು, ಅದು ತಾನಾಗೇ ಬರುತ್ತೆ. ಪ್ರೋಟಿಯಸ್ ಇದ್ದರೆ ಬ್ಲಡ್ ಅಗರ್ ಮೇಲೆ, ಉಣಕಲ್ ಕೆರೆಗೆ ಕಲ್ಲು ಒಗೆದಾಗ ಏಳುವ ಅಲೆಗಳ ಹಾಗೆ ಸುತ್ತು ಸುತ್ತಾಗಿ ಹರಡಿ ಪ್ಲೇಟನ್ನೆಲ್ಲ ಮುಚ್ಚಿಬಿಡುತ್ತೆ, ಉಳಿದವನ್ನು ಹುಡುಕೋದು ತಲೆನೋವು. ಇದೇ ಪ್ರೋಟಿಯಸ್ ಮೂತ್ರದ ಯೂರಿಯಾ ಒಡೆದು ಕಲ್ಲು ಕಟ್ಟಿಸುತ್ತೆ. ಪದೇ ಪದೇ ಇದೇ ಬಂದರೆ ಡಾಕ್ಟರಿಗೆ ಫೋನ್ ಮಾಡಿ ಹೇಳುತ್ತೇನೆ, ಸ್ಕ್ಯಾನ್ ಮಾಡಿಸೋದು ಅವರಿಗೆ ಬಿಟ್ಟದ್ದು.

ಇ. ಕೋಲೈ ಅಂದ ಕೂಡಲೇ ಜನ ಗಾಬರಿ ಆಗುತ್ತಾರೆ. ಅದು ಎಲ್ಲರ ಕರುಳಿನಲ್ಲೂ ಇದೆ, ಅಲ್ಲಿ ಅದರ ಪಾಡಿಗೆ ಅದು ಇರುತ್ತೆ. ಜಾಗ ಬದಲಾದರೆ ರೋಗ. ಮೂತ್ರಚೀಲಕ್ಕೆ ಹತ್ತಿದ ಇ. ಕೋಲೈ ಮೈಮೇಲೆ ಕೂದಲಿನಂಥ ಸಣ್ಣ ಎಳೆಗಳಿರುತ್ತವೆ, ಅವುಗಳಿಂದ ಒಳಗೋಡೆಗೆ ಅಂಟಿಕೊಳ್ಳುತ್ತೆ, ಮೂತ್ರ ಎಷ್ಟು ರಭಸದಿಂದ ಹರಿದರೂ ಕೊಚ್ಚಿಹೋಗಲ್ಲ. ಮೂತ್ರಕ್ಕೆ ಪೈಪ್ ಹಾಕಿದ ರೋಗಿಗಳಲ್ಲಿ ಇನ್ನೂ ಕಷ್ಟ. ಬ್ಯಾಕ್ಟೀರಿಯಾ ಪೈಪಿನ ಒಳಗೆ ಪಾಚಿಗಟ್ಟಿದಂತೆ ಪದರ ಕಟ್ಟಿಕೊಂಡು ಕೂತಿರುತ್ತವೆ, ಔಷಧಿ ಒಳಗಿನವರೆಗೆ ಮುಟ್ಟಲ್ಲ. ಪೈಪ್ ಬದಲಿಸದೆ ಬರೀ ಇಂಜೆಕ್ಷನ್ ಕೊಟ್ಟರೆ ಹೋದ ಹಾಗೆ ಹೋಗಿ ಮತ್ತೆ ಬರುತ್ತೆ.

ಎರಡನೇ ದಿನ ಸೆನ್ಸಿಟಿವಿಟಿ ಹಾಕುವುದು, ಅಂದರೆ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡುವುದು. ಕಾಲನಿ ಎತ್ತಿ ಸಲಾಯಿನ್‌ನಲ್ಲಿ ಕಲಸಿ, ಟ್ಯೂಬಿನ ಹಿಂದೆ ಕಪ್ಪು ಗೆರೆಯ ಕಾರ್ಡ್ ಹಿಡಿದು ಎಷ್ಟು ಮಬ್ಬಾಗಿದೆ ಅಂತ ನೋಡುತ್ತೇನೆ. ಹದ ಸರಿ ಬಂದ ಮೇಲೆ ಮುಲ್ಲರ್ ಹಿಂಟನ್ ಅಗರ್ ಮೇಲೆ ಸವರಿ, ಔಷಧಿಯ ಸಣ್ಣ ಕಾಗದದ ಡಿಸ್ಕ್ ಇಡುತ್ತೇನೆ. ಅಗರ್ 4 ಎಂಎಂ ದಪ್ಪ ಇರಲೇಬೇಕು. ತೆಳ್ಳಗೆ ಸುರಿದರೆ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವರ್ತುಲ ಸುಳ್ಳೇ ದೊಡ್ಡದಾಗಿ ಬರುತ್ತೆ, ಕೆಲಸ ಮಾಡದ ಔಷಧಿ ಕೆಲಸ ಮಾಡುತ್ತೆ ಅಂತ ಕಾಣಿಸುತ್ತೆ. ಮತ್ತೆ 16-18 ತಾಸು. ಮೂರನೇ ದಿನ ಅಳೆದು ರಿಪೋರ್ಟ್. ಒಂದು ಮಾತು ಹೇಳಬೇಕು, ದೊಡ್ಡ ವರ್ತುಲ ಬಂದ ಔಷಧಿಯೇ ಒಳ್ಳೆಯದು ಅಂತ ಅಲ್ಲ. ಒಂದೊಂದು ಔಷಧಿಗೂ ಅಳತೆಯ ಗಡಿ ಬೇರೆ ಬೇರೆ. ರಿಪೋರ್ಟಿನಲ್ಲಿ ಎಸ್ (ಔಷಧಿಗೆ ಬಗ್ಗುತ್ತೆ) ಇದೆಯಾ ಆರ್ (ಬಗ್ಗಲ್ಲ) ಇದೆಯಾ ಅಷ್ಟೇ ನೋಡಬೇಕು.

ಈಗ ಆರ್‌ಗಳೇ ಜಾಸ್ತಿ. ಬ್ಯಾಕ್ಟೀರಿಯಾ ಔಷಧಿಯನ್ನು ಕತ್ತರಿಸುವ ಎಂಜೈಮ್ ಮಾಡಿಕೊಳ್ಳುತ್ತೆ, ಇಲ್ಲ ಒಳಗೆ ಬಂದದ್ದನ್ನು ಪಂಪ್ ಮಾಡಿ ಹೊರಗೆ ಹಾಕುತ್ತೆ. ಆ ವಿದ್ಯೆಯನ್ನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಇಟ್ಟುಕೊಂಡು ಪಕ್ಕದವನಿಗೂ ದಾಟಿಸುತ್ತೆ, ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ಕೊಡುತ್ತೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ದಿನ ಗುಳಿಗೆ ತಗೊಂಡು, ಉರಿ ಕಡಿಮೆ ಆಯ್ತು ಅಂತ ಬಿಟ್ಟವರ ಪ್ಲೇಟ್ ನೋಡಿದರೆ ಡಿಸ್ಕಿನ ಅಂಚಿನವರೆಗೂ ಬೆಳೆದಿರುತ್ತೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುತ್ತಲ್ಲ, ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದು ಅಂತ ಅದರ ಅರ್ಥ. ಖುಷಿಯ ವಿಷಯ ಅಂದರೆ ನೈಟ್ರೋಫ್ಯುರಾಂಟೋಯಿನ್ ಎಂಬ ಹಳೇ ಔಷಧಿ ಮೂತ್ರದ ಇ. ಕೋಲೈ ಮೇಲೆ ಈಗಲೂ ಬಹಳ ಸಲ ಎಸ್ ಬರುತ್ತೆ. ಹೊಸದು, ತುಟ್ಟಿಯದು ಅಂದರೆ ಚಲೋದು ಅಂತ ಏನಿಲ್ಲ.

ಟೈಫಾಯ್ಡ್ ಸಂಶಯಕ್ಕೆ ರಕ್ತದ ಕಲ್ಚರ್ ಮಾಡುವಾಗ ಇನ್ನೊಂದು ಜಗಳ. ದೊಡ್ಡವರಿಂದ 8-10 ಎಂಎಲ್ ರಕ್ತ ತೆಗೆಯುತ್ತೇವೆ, "ಇಷ್ಟ್ಯಾಕ್ರೀ, ಮೈಯಾಗ ರಕ್ತನ ಇಲ್ಲ" ಅಂತಾರೆ. ಟೈಫಾಯ್ಡ್ ಇದ್ದವರ ಒಂದು ಎಂಎಲ್ ರಕ್ತದಲ್ಲಿ ಬಹಳ ಸಲ ಒಂದು ಬ್ಯಾಕ್ಟೀರಿಯಾ ಕೂಡ ಇರಲ್ಲ, ಅದಕ್ಕೇ ಅಷ್ಟು ಬೇಕು. ರೋಗದ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯ ಹುಡುಕುವ ವಿಡಾಲ್ ಟೆಸ್ಟ್ ಒಂದರ ಮೇಲೆ ಟೈಫಾಯ್ಡ್ ಅಂತ ಔಷಧಿ ಶುರು ಮಾಡೋದು ನನಗೆ ಸರಿ ಕಾಣಲ್ಲ. ಹಿಂದೆ ಎಂದೋ ಬಂದ ಜ್ವರಕ್ಕೋ, ಲಸಿಕೆಗೋ ಅದು ಪಾಸಿಟಿವ್ ಬರಬಹುದು.

ಟಿಬಿ ವಿಷಯದಲ್ಲಿ ಮೂರು ದಿನವೂ ಸಾಲದು. ಅದು ಎರಡಾಗೋಕೆ 15-20 ತಾಸು ತಗೊಳ್ಳುತ್ತೆ. ಮೊಟ್ಟೆ ಹಾಕಿ ಮಾಡಿದ ಎಲ್‌ಜೆ ಮೀಡಿಯಾದಲ್ಲಿ ಎಂಟು ವಾರ ಕಾಯಬೇಕಾಗುತ್ತೆ. ಮೈಮೇಲೆ ಮೇಣದ ಪದರ ಇರುವುದರಿಂದ ಬಣ್ಣ ಸುಲಭಕ್ಕೆ ಹತ್ತಲ್ಲ. ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಹಾಕಿ ಸ್ಲೈಡಿನ ಕೆಳಗೆ ಉರಿ ಹಿಡಿದು ಹಬೆ ಏಳುವವರೆಗೆ ಕಾಯಿಸಬೇಕು, ಕುದಿಸಬಾರದು. ಒಮ್ಮೆ ಹತ್ತಿದರೆ ಆಸಿಡ್ ಹಾಕಿದರೂ ಬಿಡಲ್ಲ. ಈಗ ಟಿಬಿಯ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಮಷಿನ್ ಎರಡು ತಾಸಿನಲ್ಲಿ ಹೇಳುತ್ತೆ, ಆದರೆ ಔಷಧಿ ಮಾತ್ರ ಆರು ತಿಂಗಳು ತಗೊಳ್ಳಲೇಬೇಕು. ಬೆಳೆಯದೆ ಮಲಗಿರುವ ಟಿಬಿ ಬ್ಯಾಕ್ಟೀರಿಯಾಗೆ ಔಷಧಿ ಬೇಗ ನಾಟಲ್ಲ.

ಇಷ್ಟೆಲ್ಲ ಬೈದರೂ ನನ್ನ ಡಿಸ್ಕ್ ಡಬ್ಬಿ ತೆಗೆದು ನೋಡಿದರೆ ಅರ್ಧದಷ್ಟು ಔಷಧಿ ಬ್ಯಾಕ್ಟೀರಿಯಾ ಕೊಟ್ಟದ್ದೇ. ಎರಿಥ್ರೋಮೈಸಿನ್, ಜೆಂಟಾಮೈಸಿನ್, ಟೆಟ್ರಾಸೈಕ್ಲಿನ್, ವ್ಯಾಂಕೋಮೈಸಿನ್, ಎಲ್ಲ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕವು. ಟಿಬಿಗೆ ಮೊದಲು ಸಿಕ್ಕ ಸ್ಟ್ರೆಪ್ಟೋಮೈಸಿನ್ ಕೂಡ 1943ರಲ್ಲಿ ಸ್ಟ್ರೆಪ್ಟೋಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದಲೇ ಬಂತು. ಎರೆ ಹೊಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ ಇದೆಯಲ್ಲ, ಅದರಲ್ಲಿ ಇವುಗಳದ್ದೇ ದೊಡ್ಡ ಪಾಲು. ಶುಗರ್ ಇದ್ದವರು ತಗೊಳ್ಳುವ ಮನುಷ್ಯರ ಇನ್ಸುಲಿನ್ 1982ರಲ್ಲಿ ಮಾರುಕಟ್ಟೆಗೆ ಬಂದದ್ದು ಇದೇ ಇ. ಕೋಲೈ ಒಳಗೆ ಮನುಷ್ಯರ ಜೀನ್ ಸೇರಿಸಿ. ಆಂಟಿಬಯಾಟಿಕ್ ಜೊತೆ ಭೇದಿ ಆಗದಿರಲಿ ಅಂತ ಡಾಕ್ಟರು ಕೊಡುವ ಸಣ್ಣ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಬಹಳ ಸಲ ಇರುವುದು ಬ್ಯಾಸಿಲಸ್ ಕ್ಲಾಸಿ ಎಂಬ ಬ್ಯಾಕ್ಟೀರಿಯಾದ ಸ್ಪೋರು. ಹೊಟ್ಟೆಯ ಆಸಿಡ್ ದಾಟಿ ಕರುಳು ಮುಟ್ಟುವ ಗಟ್ಟಿತನ ಅದಕ್ಕಿದೆ.

ನಮ್ಮೂರಿನದೂ ಒಂದು ಕಥೆ ಇದೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಬಂದಾಗ ಇಲ್ಲಿನ ಸಾವಿರಾರು ಜನ ವಿಜ್ಞಾನಿ ಹಾಫ್ಕಿನ್ ಅವರ ಲಸಿಕೆ ಹಾಕಿಸಿಕೊಂಡರು. ಹಾಫ್ಕಿನ್ ಅದನ್ನು ಹಿಂದಿನ ವರ್ಷ ಮುಂಬೈಯಲ್ಲಿ ತಯಾರಿಸಿ ಮೊದಲು ತಾವೇ ಚುಚ್ಚಿಕೊಂಡಿದ್ದರು. ಮಾಡಿದ ರೀತಿ ಕೇಳಿ: ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು, ಆ ಹನಿಗಳಿಗೆ ಪ್ಲೇಗ್ ಬ್ಯಾಕ್ಟೀರಿಯಾ ಜೋತುಬಿದ್ದು ಬೆಳೆಯಲು ವಾರಗಟ್ಟಲೆ ಬಿಟ್ಟು, ಆಮೇಲೆ ಕಾಯಿಸಿ ಕೊಂದು, ಕಾರ್ಬಾಲಿಕ್ ಆಸಿಡ್ ಸೇರಿಸುತ್ತಿದ್ದರು. ಸತ್ತ ಬ್ಯಾಕ್ಟೀರಿಯಾ ನೋಡಿಯೇ ಮೈ ಬದುಕಿದ್ದನ್ನು ಎದುರಿಸಲು ಕಲಿಯುತ್ತೆ.

ಕೊನೆಗೆ ಕೆಲಸದ ಮಾತು. "ನೋ ಗ್ರೋಥ್" ಅಂತ ಬಂದರೆ ದುಡ್ಡು ದಂಡ ಆಯ್ತು ಅಂತ ಮುಖ ಸಣ್ಣ ಮಾಡಬೇಡಿ, ಆ ರಿಪೋರ್ಟಿಗೂ ಬೆಲೆ ಇದೆ. ಆದರೆ ಮಾದರಿ ಕೊಡುವ ಮೊದಲೇ ಎರಡು ಗುಳಿಗೆ ನುಂಗಿದ್ದರೆ ಪ್ಲೇಟ್ ಖಾಲಿ ಬರಬಹುದು, ರೋಗ ಇದ್ದರೂ ಬರಬಹುದು. ಆದ್ದರಿಂದ ಗುಳಿಗೆ ಶುರು ಮಾಡುವ ಮೊದಲೇ ಬನ್ನಿ. ಶುರು ಮಾಡಿದ್ದರೆ ಸ್ಟ್ರಿಪ್ ಜೊತೆಗೆ ತನ್ನಿ, ಹೆಸರು ನಾನೇ ಫಾರ್ಮಿನಲ್ಲಿ ಬರೆದುಕೊಳ್ಳುತ್ತೇನೆ.